ಅಪ್ಪ ಸ್ಮಾರ್ಟ್ ಕ್ಲಾಸ್ ನೋಡಿದ್ದು

ನಮ್ಮ ಶಾಲೆಗೆ ಮುಟ್ಟಿದರೆ ಕೆಲಸ ಮಾಡುವ ದೊಡ್ಡ ಬೋರ್ಡು ಬಂದಿರುವುದು ನಿಮಗೆಲ್ಲ ಗೊತ್ತು. ನಮಗೆ ಖುಷಿಯೋ ಖುಷಿ. ಆದರೆ ನಮ್ಮ ಅಪ್ಪನಿಗೆ ಅನುಮಾನ. 2004ರಲ್ಲಿ ನಮ್ಮ ದೇಶ ಪಾಠಕ್ಕೆಂದೇ ಎಜುಸ್ಯಾಟ್ ಎಂಬ ಉಪಗ್ರಹವನ್ನು ಹಾರಿಸಿತು. ನಮ್ಮ ಚಾಮರಾಜನಗರ ಜಿಲ್ಲೆಯ ಶಾಲೆಗಳಿಗೂ ಅದರಿಂದ ಟಿ.ವಿ.ಯಲ್ಲಿ ಪಾಠ ಬರುತ್ತಿತ್ತು. ಚಿಕ್ಕಪ್ಪ ಓದಿದ ಶಾಲೆಯಲ್ಲಿ ಅದು ಕೆಟ್ಟ ಮೇಲೆ ಯಾರೂ ರಿಪೇರಿ ಮಾಡಿಸಲಿಲ್ಲವಂತೆ. "ಇದೂ ಅಷ್ಟೇಯ, ನೋಡ್ತಾ ಇರು" ಅಂತ ಅಪ್ಪ ನಗುತ್ತಿದ್ದರು.

ಇನ್ನೊಂದು ಕಾರಣವೂ ಇತ್ತು. ಅಪ್ಪ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರು. ಆದರೂ ದಿನಾ ರಾತ್ರಿ ನನ್ನ ನೋಟ್ ಬುಕ್ ಓದಿಸಿ ಕೇಳುತ್ತಾರೆ. ಬೋರ್ಡು ಬಂದ ಮೇಲೆ ನಾವು ನೋಡುವುದೇ ಹೆಚ್ಚು, ಬರೆಯುವುದು ಕಮ್ಮಿ. ನೋಟ್ ಬುಕ್ ಖಾಲಿ! ಪಾಠಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದೆ, ದೀಕ್ಷಾ ಆ್ಯಪ್ ಇದ್ದರೆ ಮನೆಯಲ್ಲೂ ಪಾಠ ನೋಡಬಹುದು. ಆದರೆ ಅಪ್ಪನದು ಬಟನ್ ಫೋನು.

ಪೋಷಕರ ಸಭೆಯ ದಿನ ವಿಜ್ಞಾನದ ಸಾರ್ ರೇಷ್ಮೆ ಹುಳುವಿನ ಪಾಠ ಹಾಕಿದರು. ನಮ್ಮ ಮನೆಯಲ್ಲಿ ಹುಳು ಸಾಕುತ್ತೇವೆ. ಬೋರ್ಡಿನಲ್ಲಿ ಮೊಟ್ಟೆ ಒಡೆಯಿತು, ಹುಳು ಸೊಪ್ಪು ತಿಂದಿತು, ಗೂಡು ಕಟ್ಟಿತು. ಎರಡೇ ನಿಮಿಷ! ಆಮೇಲೆ, ಹುಳು ಎಷ್ಟು ಸಲ ಪೊರೆ ಬಿಡುತ್ತದೆ ಎಂದು ಪ್ರಶ್ನೆ ಬಂತು. ಸಾರ್ ಅಪ್ಪನನ್ನು ಕರೆದರು. ಅಪ್ಪ ಪಂಚೆಗೆ ಕೈ ಒರೆಸಿಕೊಂಡು ನಾಲ್ಕನ್ನು ಮುಟ್ಟಿದರು. ಚಪ್ಪಾಳೆ ಸದ್ದು ಬಂತು. ನನಗೆ ನಾಚಿಕೆಯೂ ಆಯ್ತು, ಹೆಮ್ಮೆಯೂ ಆಯ್ತು.

ಅಪ್ಪ ಕೂರಲಿಲ್ಲ. "ಚೆನ್ನಾಗದೆ ಮೇಷ್ಟ್ರೇ. ಆದ್ರೆ ನಾಲ್ಕು ಜ್ವರ ಏಳಕ್ಕೆ ನಮ್ಮನೇಲಿ ಮೂರು ವಾರ ನಿದ್ದೆಗೆಡಬೇಕು. ಅದು ಇದ್ರಲ್ಲಿ ಕಾಣಲಿಲ್ಲ. ಇನ್ನೊಂದು, ಪುಸ್ತಕ ಆದ್ರೆ ಮನೇಲಿ ಓದ್ಸಿ ಕೇಳ್ತೀನಿ. ಈ ಬೋರ್ಡ್‌ನ ಹೆಂಗೆ ಕೇಳ್ಲಿ?" ಅಂದರು. (ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅಂತಾರೆ.) ಹಿಂದೆ ಕೂತಿದ್ದ ಅವ್ವಂದಿರೂ "ಹೌದು ಹೌದು" ಅಂದರು.

ಸಾರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಈಗ ಪೀರಿಯಡ್ಡಿನ ಕೊನೆಯ ಹತ್ತು ನಿಮಿಷ ಬೋರ್ಡು ಆಫ್. ನೋಡಿದ್ದನ್ನು ನಮ್ಮ ಮಾತಿನಲ್ಲಿ ಬರೆಯಬೇಕು. ಕೈ ನೋಯುತ್ತೆ ಅಂತ ಕೆಲವರು ನನ್ನ ಮೇಲೆ ಕೋಪ ಮಾಡಿಕೊಂಡಿದ್ದಾರೆ. ಮಾಡಿಕೊಳ್ಳಲಿ. ರಾತ್ರಿ ಅಪ್ಪ ಸೊಪ್ಪು ಹಾಕುತ್ತಾ "ಓದವ್ವ" ಅನ್ನುತ್ತಾರೆ.

ಶನಿವಾರ ಅಪ್ಪ ಒಂದು ತಟ್ಟೆ ಹುಳು ತರಗತಿಗೆ ತರುತ್ತಾರೆ. ಎಲ್ಲರೂ ಕೈ ತೊಳೆದುಕೊಂಡು ಬನ್ನಿ. ಹುಳುವಿಗೆ ರೋಗ ಬೇಗ ತಗಲುತ್ತದೆ.

– 7ನೇ ತರಗತಿ ವಿದ್ಯಾರ್ಥಿನಿ