ಅಜ್ಜಿಯ ದ್ವೀಪದ ಕ್ಯಾಲೆಂಡರ್

ನಮ್ಮ ಆಫೀಸಿನ ಹಾಲಿಡೇ ಲಿಸ್ಟ್‌ನಲ್ಲಿ ರಥಸಪ್ತಮಿ ಇಲ್ಲ. ಮಹಾಲಯ ಅಮಾವಾಸ್ಯೆ ಭಾನುವಾರ ಬಂದರೆ ಮಾತ್ರ ರಜೆ. ಟೀಮಿನವರೆಲ್ಲ ವರ್ಷದ ಮೊದಲ ವಾರವೇ ಲಾಂಗ್ ವೀಕೆಂಡ್ ಲೆಕ್ಕ ಹಾಕಿ ಬಾಲಿಗೋ ಅಂಡಮಾನಿಗೋ ಟಿಕೆಟ್ ನೋಡ್ತಾರೆ. ನಾನೂ ರಜೆ ಎತ್ತಿಡೋದು ಒಂದು ದ್ವೀಪಕ್ಕೇ. ಬೆಂಗಳೂರಿನಿಂದ ಸುಮಾರು 125 ಕಿಲೋಮೀಟರ್, ಪಾಸ್‌ಪೋರ್ಟ್ ಬೇಡ. ಶ್ರೀರಂಗಪಟ್ಟಣ!

ಅದು ದ್ವೀಪ ಅನ್ನೋದೇ ಎಷ್ಟೋ ಜನಕ್ಕೆ ನೆನಪಿರಲ್ಲ. ಕಾವೇರಿ ಅಲ್ಲಿ ಎರಡಾಗಿ ಒಡೆದು, ಊರನ್ನು ಬಳಸಿ, ಸಂಗಮದ ಹತ್ತಿರ ಮತ್ತೆ ಒಂದಾಗುತ್ತಾಳೆ. ಶ್ರೀರಂಗಪಟ್ಟಣ ಆದಿರಂಗ, ಶಿವನಸಮುದ್ರ ಮಧ್ಯರಂಗ, ತಮಿಳುನಾಡಿನ ಶ್ರೀರಂಗ ಅಂತ್ಯರಂಗ. ಮೂರು ಕಡೆಯೂ ರಂಗನಾಥ ಮಲಗಿರೋದು ಕಾವೇರಿಯ ದ್ವೀಪದಲ್ಲೇ.

ಆ ದ್ವೀಪದ ಪೂರ್ವಕ್ಕಿರುವ ಗಂಜಾಂನಲ್ಲಿ ನಮ್ಮ ಅಜ್ಜನ ಮನೆ ಇತ್ತು. ಅಜ್ಜ ಹೋದ ಮೇಲೆ ಅಜ್ಜಿ ಒಬ್ಬರೇ ಕೆಲವು ವರ್ಷ ಇದ್ದರು. ಮಂಡಿನೋವು ಜಾಸ್ತಿ ಆಯ್ತು, ಮಳೆಗಾಲಕ್ಕೆ ಗೋಡೆ ಕುಸಿಯತೊಡಗಿತು. ಕೊನೆಗೆ ಅಪ್ಪ, ಚಿಕ್ಕಪ್ಪ, ಅತ್ತೆ ಕೂತು ಮಾತಾಡಿ ಮನೆ ಮಾರಿದರು. ಅಜ್ಜಿ ಯಲಹಂಕಕ್ಕೆ, ನಮ್ಮ ಐದನೇ ಮಹಡಿಯ ಫ್ಲ್ಯಾಟಿಗೆ ಬಂದರು. ಮಾರಿದ ಹಣ ಹಂಚುವಾಗ ಒಂದಷ್ಟು ಮಾತು ಬಂತು, ಹೋಯ್ತು. ಅದಾದ ಮೇಲೆ ಅಪ್ಪ ಆ ಊರಿನ ಹೆಸರೇ ಎತ್ತುತ್ತಿರಲಿಲ್ಲ. ಕೇಳಿದರೆ, "ಮನೆ ಇಲ್ಲದ ಊರಿಗೆ ಏನು ಅಂತ ಹೋಗೋದು? ಟೂರಿಸ್ಟ್ ಥರಾನಾ?" ಅನ್ನೋರು.

ಅಜ್ಜಿಗೆ ಮಾತ್ರ ತಿಂಗಳುಗಳು ಈಗಲೂ ಅಲ್ಲಿಯ ಲೆಕ್ಕದಲ್ಲೇ. ಬಾಲ್ಕನಿಯಲ್ಲಿ ಕೂತು ವಿಮಾನ ಇಳಿಯೋದನ್ನ ನೋಡ್ತಾ, "ಇಷ್ಟೊತ್ತಿಗೆ ತೇರಿಗೆ ಹಗ್ಗ ಕಟ್ಟಿರ್ತಾರೆ ಕಣೋ" ಅಂತಾರೆ. ಒಂದು ಭಾನುವಾರ ಅವರು ಹೇಳ್ತಾ ಹೋದರು, ನಾನು ಎಲ್ಲವನ್ನೂ ಫೋನಿನ ಕ್ಯಾಲೆಂಡರ್‌ಗೆ ಹಾಕ್ತಾ ಹೋದೆ. ನಿಮಗೂ ಉಪಯೋಗ ಆಗಬಹುದು ಅಂತ ಇಲ್ಲಿ ಬರೀತಿದ್ದೀನಿ.

ಜನವರಿ 14 ಅಥವಾ 15, ಮಕರ ಸಂಕ್ರಾಂತಿ. ಸಂಜೆ ರಂಗನಾಥಸ್ವಾಮಿ ದೇವಸ್ಥಾನದಲ್ಲಿ ಲಕ್ಷದೀಪೋತ್ಸವ. ಬಂದ ಭಕ್ತರೂ ದೀಪ ಹಚ್ಚಬಹುದು.

ಮಾಘ ಶುದ್ಧ ಸಪ್ತಮಿಗೆ ರಥಸಪ್ತಮಿ, ರಂಗನಾಥನ ಬ್ರಹ್ಮರಥೋತ್ಸವ. ತೇರಿಗೆ ಹಣ್ಣು-ಜವನ ಎಸೆಯೋದು ಮರೀಬೇಡಿ. ಆ ದಿನಗಳಲ್ಲೇ ಪಕ್ಕದ ರಂಗನತಿಟ್ಟಿನಲ್ಲಿ ಕೊಕ್ಕರೆಗಳು ಗೂಡು ಕಟ್ಟುವ ಗಡಿಬಿಡಿಯಲ್ಲಿರುತ್ತವೆ. ಸಲೀಂ ಅಲಿ ಹೇಳಿ, ಮೈಸೂರು ಮಹಾರಾಜರು 1940ರಲ್ಲಿ ಅದನ್ನು ಪಕ್ಷಿಧಾಮ ಮಾಡಿದ್ದು.

ಮಳೆಗಾಲದಲ್ಲಿ ಕೆಆರ್‌ಎಸ್ 124.80 ಅಡಿ ತುಂಬಿ ನೀರು ಬಿಟ್ಟರೆ ಅದೇ ಒಂದು ಹಬ್ಬ. ಹಳೇ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳನ್ನು ತಬ್ಬಿಕೊಂಡು ಹರಿಯುವ ಹೊಳೆ ನೋಡೋಕೆ ಜನ ಸೇರ್ತಾರೆ. ಆಗ ರಂಗನತಿಟ್ಟಿನಲ್ಲಿ ದೋಣಿ ಬಿಡಲ್ಲ, ನೀವೂ ಹೊಳೆಗೆ ಇಳಿಯಬೇಡಿ.

ಭಾದ್ರಪದದ ಕೊನೆಗೆ ಮಹಾಲಯ ಅಮಾವಾಸ್ಯೆ. ಹೊಳೆ ಪಶ್ಚಿಮಕ್ಕೆ ತಿರುಗುವ ಪಶ್ಚಿಮವಾಹಿನಿಯಲ್ಲಿ ತರ್ಪಣ ಬಿಡಲು ಎಲ್ಲೆಲ್ಲಿಂದಲೋ ಬರ್ತಾರೆ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮದ ಒಂದು ಭಾಗವನ್ನು ಬಿಟ್ಟಿದ್ದೂ ಇಲ್ಲೇ.

ಅದರ ಬೆನ್ನಿಗೆ ದಸರಾ. ರಾಜ ಒಡೆಯರು 1610ರಲ್ಲಿ ದಸರಾ ಶುರು ಮಾಡಿದ್ದು ಮೈಸೂರಿನಲ್ಲಲ್ಲ, ಈ ದ್ವೀಪದಲ್ಲಿ. ಈಗಲೂ ಕಿರಂಗೂರಿನ ಬನ್ನಿಮಂಟಪದಿಂದ ಜಂಬೂಸವಾರಿ ಹೊರಡುತ್ತೆ. ಮೈಸೂರಿಗಿಂತ ಚಿಕ್ಕದು, ಆದರೆ ಆನೆಯನ್ನು ಹತ್ತಿರದಿಂದ ನೋಡಬಹುದು.

ಇನ್ನು ಗುಂಬಜ್‌ನಲ್ಲಿ ಟಿಪ್ಪುವಿನ ಉರುಸ್. ಅದಕ್ಕೆ ತಾರೀಖು ಹಾಕೋಕೆ ಹೋದಾಗಲೇ ನನ್ನೊಳಗಿನ ಇಂಜಿನಿಯರ್ ಎದ್ದು ಕೂತ. ಸಂಕ್ರಾಂತಿ ಸೂರ್ಯನ ಲೆಕ್ಕ, ಅದಕ್ಕೇ ಹೆಚ್ಚು ಕದಲಲ್ಲ. ಇಸ್ಲಾಮಿ ಪಂಚಾಂಗ ಪೂರ್ತಿ ಚಂದ್ರನದು, ಹಾಗಾಗಿ ಉರುಸ್ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದಕ್ಕೆ ಬರುತ್ತೆ. ನಮ್ಮ ತಿಥಿಗಳೂ ಹೀಗೇ ಹಿಂದೆ ಸರೀತಾ ಬಂದು, ಅಧಿಕಮಾಸ ಬಂದಾಗ ಒಂದೇ ಸಲ ಮುಂದಕ್ಕೆ ಹಾರುತ್ತವೆ. "ವರ್ಷಾ ವರ್ಷಾ ರಿಪೀಟ್" ಅಂತ ಒತ್ತಿದರೆ ಫೋನ್ ತಪ್ಪು ದಿನವೇ ತೋರಿಸೋದು. ಪ್ರತಿ ಯುಗಾದಿಗೆ ಪಂಚಾಂಗ ತೆಗೆದು ಕೂರಬೇಕು. ನಾನು ಓದ್ತೀನಿ, ಅಜ್ಜಿ ಬೆರಳಲ್ಲಿ ಎಣಿಸ್ತಾರೆ.

2025ರಲ್ಲಿ ರಥಸಪ್ತಮಿ ಮಂಗಳವಾರ ಬಂತು, ರಿಲೀಸ್ ಇತ್ತು, ಹೋಗಲಾಗಲಿಲ್ಲ. 2026ರಲ್ಲಿ ಜನವರಿ 25, ಭಾನುವಾರ. ಮಾರನೇ ದಿನ ಗಣರಾಜ್ಯೋತ್ಸವದ ರಜೆ. ನಾನು ಕಾರು ಬುಕ್ ಮಾಡಲು ಹೊರಟಾಗ ಅಪ್ಪ ಪೇಪರ್ ಕೆಳಗಿಟ್ಟು, "ಬೇಡ, ನಾನೇ ಓಡಿಸ್ತೀನಿ. ಆದ್ರೆ ಗಂಜಾಂ ಕಡೆ ತಿರುಗಿಸಲ್ಲ" ಅಂದರು. ಹೆಬ್ಬಾಳ ದಾಟುವಾಗ ಇನ್ನೂ ಕತ್ತಲೆ. ಎಕ್ಸ್‌ಪ್ರೆಸ್‌ವೇಯಲ್ಲಿ ದಾರಿಯುದ್ದಕ್ಕೂ ಅವರು ಮಾತಾಡಲಿಲ್ಲ. (ಬೈಕಿನವರು ಗಮನಿಸಿ, ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬೈಕ್ ಬಿಡಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ರೈಲಾದರೆ ಶ್ರೀರಂಗಪಟ್ಟಣದಲ್ಲಿ ನಿಲ್ಲುತ್ತಾ ಅಂತ ನೋಡಿ ಬುಕ್ ಮಾಡಿ.)

ಜನಜಂಗುಳಿಯಲ್ಲಿ ಅಜ್ಜಿಯನ್ನು ಒಂದು ಜಗಲಿ ಮೇಲೆ ಕೂರಿಸಿದ್ದೆವು. ತೇರು ಅಲ್ಲಾಡಿದ್ದೇ ಅವರು ಬಾಳೆಹಣ್ಣು ಎಸೆದರು. ಅದು ತೇರಿಗೆ ತಾಗದೆ ಯಾರದೋ ಬೆನ್ನಿಗೆ ಬಿತ್ತು. ತಿರುಗಿ ನೋಡಿದವರು ಹಳೇ ಬೀದಿಯ ಪಕ್ಕದ ಮನೆಯವರು! "ಅಯ್ಯೋ, ನೀವಾ! ಯಾವಾಗ ಬಂದ್ರಿ? ನಡೀರಿ ಊಟಕ್ಕೆ" ಅಂತ ಕೈ ಹಿಡಿದರು. ಅಪ್ಪನ ಕಡೆ ತಿರುಗಿ, "ಏನಪ್ಪಾ, ಮನೆ ಮಾರಿದ್ರೆ ನಮ್ಮನ್ನೂ ಮಾರಿಬಿಟ್ಯಾ?" ಅಂದರು.

ಅಪ್ಪ ಏನೂ ಹೇಳಲಿಲ್ಲ. ಕಾರು ಗಂಜಾಂಗೆ ಹೋಯ್ತು.

ಊಟ ಆದ ಮೇಲೆ ಅಪ್ಪ ಒಬ್ಬರೇ ಬೀದಿಯ ಕೊನೆತನಕ ನಡೆದು ಬಂದರು. ನಮ್ಮ ಮನೆಯ ಜಾಗದಲ್ಲಿ ಈಗ ಎರಡಂತಸ್ತಿನ ಹೊಸ ಮನೆ. "ಬಾವಿ ಉಳಿಸಿಕೊಂಡಿದ್ದಾರೆ" ಅಂದರು ಅಜ್ಜಿಗೆ. ಅಜ್ಜಿ, "ನೀರಿದೆಯಂತಾ?" ಅಂತ ಕೇಳಿದರು. "ಇದೆಯಂತೆ."

ವಾಪಸ್ ಬರುವಾಗ ಮದ್ದೂರಿನಲ್ಲಿ ವಡೆ ತಿನ್ನುತ್ತಾ ಅಪ್ಪ ನನ್ನ ಫೋನ್ ಕಡೆ ಕೈ ತೋರಿಸಿದರು. "ಆ ನಿನ್ನ ಕ್ಯಾಲೆಂಡರ್‌ನಲ್ಲಿ ಮಹಾಲಯ ಯಾವತ್ತು ಬಂದಿದೆ ನೋಡು. ಅಪ್ಪನಿಗೆ ಒಂದ್ಸಲ ಅಲ್ಲೇ ತರ್ಪಣ ಬಿಟ್ಟು ಬರೋಣ."

ನೋಡಿದೆ. ಈ ವರ್ಷ ಅಧಿಕಮಾಸ ಇರೋದ್ರಿಂದ ತಡ, ಅಕ್ಟೋಬರ್ 10, ಶನಿವಾರ. ರಜೆ ಹಾಕೋದೂ ಬೇಕಿಲ್ಲ. ಅಪ್ಪನ ಫೋನಿಗೂ ಕ್ಯಾಲೆಂಡರ್ ಶೇರ್ ಮಾಡಿದೆ. ಚಿಕ್ಕಪ್ಪನಿಗೂ ಕಳಿಸು ಅಂತ ಅವರೇ ಹೇಳಿದರು.