ಎದೆಗೂ ಒಂದು ಸೋಮವಾರ

ನಮ್ಮ ಕಸಿನ್ಸ್ ವಾಟ್ಸಾಪ್ ಗ್ರೂಪಿನಲ್ಲಿ ಮೊದಲು ಗುಡ್ ಮಾರ್ನಿಂಗ್ ಹೂವು ಬರುತ್ತಿದ್ದವು. ಈಗ ಬರೋದು ಸ್ಮಾರ್ಟ್‌ವಾಚಿನ ಸ್ಕ್ರೀನ್‌ಶಾಟು. ಗೋಕಾಕದವನು ಫಾಲ್ಸ್ ತನಕ ಓಡಿದ ಲೆಕ್ಕ ಹಾಕ್ತಾನೆ, ಹುಕ್ಕೇರಿಯವಳು ಸ್ಟೆಪ್ಸ್ ಎಣಿಸ್ತಾಳೆ, ಬೆಂಗಳೂರಿನ ನಾನು ಟ್ರೆಡ್‌ಮಿಲ್ಲಿನ ಫೋಟೋ. ಒಂದು ದಿನ ಮೂಡಲಗಿಯ ತಮ್ಮ ಹಾಕಿದ ಚಿತ್ರ ಮಾತ್ರ ಬೇರೆ ಇತ್ತು: ಕೈಗೆ ಸಲೈನ್ ಸೂಜಿ.

ಅವನಿಗೆ ಮೂವತ್ತೆರಡು. ಮದುವೆಗೆ ಎರಡು ತಿಂಗಳಿತ್ತು. ಜಿಮ್ ಸೇರಿದ ಮೊದಲ ವಾರದಲ್ಲೇ ನೂರಾರು ಬೈಠಕ್ ಹೊಡೆದಿದ್ದ. ಮೂರನೇ ದಿನ ತೊಡೆ ಊದಿ ಕಲ್ಲಿನಂತಾಯಿತು, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿತು. ಫೋನ್ ಮಾಡಿದರೆ, ‘ಅಣ್ಣಾ, ನೋವಾತಂದ್ರ ಬಾಡಿ ಕಟ್ಟಾಕತ್ತೈತಿ ಅಂತ ತಿಳ್ಕೊಂಡಿದ್ನಿ’ ಅಂದ.

ಡಾಕ್ಟರು ಹೇಳಿದ ಹೆಸರು ರ‍್ಯಾಬ್ಡೋಮಯೋಲಿಸಿಸ್. ಮಿತಿಮೀರಿ ದುಡಿಸಿದಾಗ ಸ್ನಾಯುವಿನ ಎಳೆಗಳು ಒಡೆದು, ಅದರೊಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಸೇರುತ್ತದೆ. ಅದನ್ನು ಸೋಸಬೇಕಾದ ಕಿಡ್ನಿಗೆ ಪೆಟ್ಟು. ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೂ ತಪ್ಪಬಹುದು. ಬೇಗ ಹೋದದ್ದಕ್ಕೆ ನಮ್ಮವನು ಸಲೈನಿನಲ್ಲೇ ಪಾರಾದ. ಡಯಾಲಿಸಿಸ್ ತನಕ ಹೋದವರೂ ಇದ್ದಾರೆ.

ಇನ್ನು ಹೃದಯದ ಮಾತು. ಸುಮ್ಮನೆ ಕೂತಾಗ ಅದು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಜೋರಾಗಿ ಓಡುವಾಗ ಅದು 20 ಲೀಟರ್ ದಾಟಬಹುದು. ದಿನಾ ಹಿತಮಿತವಾಗಿ ದುಡಿಸಿದರೆ ಗಟ್ಟಿಯಾಗುತ್ತದೆ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಮ್ಯಾರಥಾನ್ ಮುಗಿಸಿದವರ ರಕ್ತದಲ್ಲಿ ಟ್ರೋಪೋನಿನ್ ಏರಿರುತ್ತದೆ. ಹಾರ್ಟ್ ಅಟ್ಯಾಕ್ ಪತ್ತೆಗೆ ನೋಡುವುದೂ ಅದನ್ನೇ. ಹೆಚ್ಚಿನವರಲ್ಲಿ ಕೆಲ ದಿನಗಳಲ್ಲಿ ಇಳಿಯುತ್ತದೆ. ಇಳಿಯಲು ಬಿಡುವು ಬೇಕು, ಅಷ್ಟೇ. ಸ್ವೀಡನ್ನಿನ 90 ಕಿಲೋಮೀಟರ್ ಸ್ಕೀ ರೇಸ್ ವಾಸಲೋಪೆಟ್ ಮುಗಿಸಿದ 52 ಸಾವಿರಕ್ಕೂ ಹೆಚ್ಚು ಜನರ ಅಧ್ಯಯನ 2013ರಲ್ಲಿ ಬಂತು. ಹೆಚ್ಚು ಸಲ ರೇಸ್ ಮುಗಿಸಿದವರಲ್ಲಿ, ಹೆಚ್ಚು ವೇಗದವರಲ್ಲಿ ಹೃದಯದ ಲಯ ತಪ್ಪುವ ತೊಂದರೆ ಜಾಸ್ತಿ ಕಂಡಿತ್ತು.

ಇದನ್ನು ಓದಿ ಸೋಫಾಕ್ಕೆ ಅಂಟಿಕೊಳ್ಳಬೇಡಿ. ಅಮೆರಿಕದಲ್ಲಿ 2000ದಿಂದ 2010ರವರೆಗೆ ಮ್ಯಾರಥಾನ್, ಹಾಫ್ ಮ್ಯಾರಥಾನ್ ಓಡಿದ ಸುಮಾರು 1 ಕೋಟಿ 9 ಲಕ್ಷ ಮಂದಿಯಲ್ಲಿ ಹೃದಯ ಸ್ತಂಭನವಾದದ್ದು 59 ಜನರಿಗೆ. ಕುಂತು ಕುಂತು ಕೆಡುವವರ ಸಂಖ್ಯೆ ಇದಕ್ಕಿಂತ ಎಷ್ಟೋ ದೊಡ್ಡದು.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ ಅವರಿಗೆ 46. ಆ ವಾರ ಜಿಮ್ಮಿಗೆ ಹೋಗೋದನ್ನೇ ಬಿಟ್ಟವರು ನಮ್ಮ ಆಫೀಸಿನಲ್ಲೇ ಇದ್ದರು. ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು. ಒಂದು ಸಾವಿಗೆ ಜಿಮ್ಮೇ ಕಾರಣ ಅಂತ ತೀರ್ಪು ಕೊಡೋದು ಸುಲಭ. ಆದರೆ ವ್ಯಾಯಾಮದ ಹೊತ್ತಿನಲ್ಲಿ ಕುಸಿದುಬೀಳುವ 35 ದಾಟಿದವರಲ್ಲಿ ಸಾಮಾನ್ಯವಾಗಿ ಸಿಗೋದು ಮೊದಲೇ ಕೊಬ್ಬು ಕಟ್ಟಿದ ರಕ್ತನಾಳ. ಎಳೆಯರಲ್ಲಿ ಎಷ್ಟೋ ಸಲ ಹುಟ್ಟಿನಿಂದ ಬಂದ ಹೃದಯದ ದೋಷ. ಒಳಗೆ ಇದ್ದದ್ದನ್ನು ವಿಪರೀತ ಶ್ರಮ ಹೊರಗೆ ಎಳೆಯುತ್ತದೆ. ಆಮೇಲೆ ಸರ್ಕಾರ ಅವರ ಹೆಸರಲ್ಲೇ ಹೃದಯಜ್ಯೋತಿ ಯೋಜನೆ ತಂದಿತು: ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ, ಬೇಕಾದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಊರಲ್ಲಿರುವ ಅಪ್ಪ ಅಮ್ಮನಿಗೆ ಇದನ್ನು ಹೇಳಿಡಿ.

ತಮ್ಮನನ್ನು ನೋಡಲು ಹೋದಾಗ ಹುಕ್ಕೇರಿಯ ಕಾಕಾ ಬಂದಿದ್ದರು. ಹರೆಯದಲ್ಲಿ ತಾಲೀಮಿನ ಮಣ್ಣು ಮೆತ್ತಿಕೊಂಡವರು, ಎಪ್ಪತ್ತು ದಾಟಿದರೂ ಹೊಲಕ್ಕೆ ನಡೆದೇ ಹೋಗ್ತಾರೆ. ಬಯ್ತಾರೆ ಅಂದುಕೊಂಡಿದ್ದೆವು. ಅವರು ಗೋಕಾಕದ ಕರದಂಟಿನ ಡಬ್ಬಿ ಬಿಚ್ಚಿ ಎಲ್ಲರಿಗೂ ಒಂದೊಂದು ತುಂಡು ಕೊಟ್ಟು, ‘ತಮ್ಮಾ, ಸೋಮವಾರ ಎತ್ತಿನ ಹೆಗಲ ಮ್ಯಾಲ ನೊಗ ಇಡೂದಿಲ್ಲ ನಾವು. ಅದು ಬಸವಣ್ಣ ಅಂತ ಅಷ್ಟ ಅಲ್ಲ, ಮಂಗಳವಾರ ಮತ್ತ ಅದು ಎಳೀಬೇಕಲಾ. ನಿನ್ನ ಎದೀಗೆ ಯಾವತ್ತು ಸೋಮವಾರ?’ ಅಂದರು. ತಮ್ಮ ಸುಮ್ಮನೆ ಕರದಂಟು ಅಗಿದ.

ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ, ಇಲ್ಲವೇ 75ರಿಂದ 150 ನಿಮಿಷ ಜೋರಿನದು. ಹೊಸಬರು ಮೆಲ್ಲಗೆ ಏರಿಸಿ. ಬೆಳಗ್ಗೆ ಎದ್ದಕೂಡಲೇ ನಾಡಿ ಎಣಿಸಿ. ನಾಲ್ಕೈದು ದಿನ ಮಾಮೂಲಿಗಿಂತ ಏರಿಯೇ ಇದ್ದರೆ, ನಿದ್ದೆ ಕೆಟ್ಟಿದ್ದರೆ ಬಿಡುವು ಕೊಡಿ. ಜ್ವರ ಇದ್ದಾಗ ಜಿಮ್ ಬೇಡವೇ ಬೇಡ. ಎದೆ ಬಿಗಿತ, ತಲೆಸುತ್ತು, ಕಾರಣವಿಲ್ಲದ ಏದುಸಿರು ಬಂದರೆ ಸೆಟ್ ಮುಗಿಸುವ ಹಟ ಬಿಟ್ಟು ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಎದೆನೋವಿನಿಂದ ಹೋಗಿದ್ದರೆ, ಜಿಮ್ ಫೀ ಕಟ್ಟುವ ಮೊದಲು ಡಾಕ್ಟರ ಹತ್ತಿರ ಒಮ್ಮೆ ತೋರಿಸಿ.

ತಮ್ಮನ ಮದುವೆ ಹೇಳಿದ ಮುಹೂರ್ತಕ್ಕೇ ಆಯಿತು. ಸಿಕ್ಸ್ ಪ್ಯಾಕ್ ಇರಲಿಲ್ಲ. ಶೇರವಾನಿಯೊಳಗೆ ಏನಿದೆ ಅಂತ ಯಾರೂ ಕೇಳಲೂ ಇಲ್ಲ.