ಸುದ್ದಿಗೂ ಒಂದು ಊರಿರಲಿ

ವಿಚಿತ್ರ ಸುದ್ದಿಗಳೆಂದರೆ ನನಗೆ ಮೊದಲಿನಿಂದಲೂ ಪ್ರೀತಿ. ರಾಜಕೀಯ, ಚಿನ್ನದ ರೇಟು, ಕ್ರಿಕೆಟ್ಟು ಇವೆಲ್ಲ ದಪ್ಪಕ್ಷರದಲ್ಲಿ ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ನಾನು ಹುಡುಕುವುದು ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಿಗೆ ಮುಗಿದುಹೋಗುವ ಸಂಗತಿಗಳನ್ನು. 2023ರ ಜುಲೈಯಲ್ಲಿ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿದಾಗ, ಬೆಂಗಳೂರಿನಲ್ಲಿ ಟೊಮೆಟೊ ತುಂಬಿದ ಗಾಡಿಯನ್ನೇ ಅಡ್ಡಗಟ್ಟಿ ಹೊಡೆದುಕೊಂಡು ಹೋದರಲ್ಲ, ಅಂಥವನ್ನು. ಬ್ಯಾಂಕು ಬಿಟ್ಟು, ಒಡವೆ ಅಂಗಡಿ ಬಿಟ್ಟು, ಟೊಮೆಟೊ!

ತಮಿಳುನಾಡಿನ ಹೊಸೂರು ಕಡೆಯ ನಮ್ಮ ರಾಯಕೋಟೆಯಲ್ಲಿ ಈ ಸುದ್ದಿಗೆ ಇನ್ನೂ ಹೆಚ್ಚು ರುಚಿ. ನಮ್ಮದು ಟೊಮೆಟೊ ಊರು. ಮಂಡಿಯಲ್ಲಿ ಬೆಳಗಾಗುವುದೇ ಕ್ರೇಟುಗಳ ಸದ್ದಿನಿಂದ. ಹರಾಜಿನವನ ಒಂದೇ ಉಸಿರಿನಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಬಂದು ಹೋಗುತ್ತವೆ. ಬೆಟ್ಟದ ಮೇಲಿನ ಕೋಟೆಯನ್ನು 1791ರಲ್ಲಿ ಟಿಪ್ಪುವಿನ ಕಡೆಯವರಿಂದ ಇಂಗ್ಲಿಷರು ಕಿತ್ತುಕೊಂಡ ಕಥೆಗಿಂತ, ಆ ಟೊಮೆಟೊ ಗಾಡಿಯ ಕಥೆಯನ್ನೇ ನಮ್ಮವರು ಹೆಚ್ಚು ಸವಿದರು. ಸವಿಯುತ್ತ ಸವಿಯುತ್ತ ಗಾಡಿ ಜಾಗ ಬದಲಿಸತೊಡಗಿತು. ಮೊದಲು ಬೆಂಗಳೂರಿನಲ್ಲಿತ್ತು, ಆಮೇಲೆ ಹೊಸೂರಿಗೆ ಬಂತು, ಕೊನೆಗೆ ನಮ್ಮ ಹತ್ತಿರದ ಉದ್ದನಪಲ್ಲಿಯ ತಿರುವಿನಲ್ಲೇ ಅಪಹರಣ ನಡೆದುಹೋಯಿತು.

“ಯಾರು ಹೇಳಿದ್ದಣ್ಣಾ?” ಅಂತ ಟೀ ಅಂಗಡಿಯವರನ್ನು ಕೇಳಿದೆ.

“ವಾಟ್ಸಾಪಲ್ಲಿ ಬಂತು ಸಾರ್.”

ವಾಟ್ಸಾಪಿನಲ್ಲಿ ಬಂತು ಎನ್ನುವುದು ಗಾಳಿಯಲ್ಲಿ ಬಂತು ಎಂದಷ್ಟೇ ಆಯಿತು. 2018ರಲ್ಲಿ ಆ ಕಂಪನಿ ಫಾರ್ವರ್ಡ್ ಆದ ಸಂದೇಶಗಳಿಗೆ ಗುರುತು ಹಾಕಲು ಶುರುಮಾಡಿತು. ಅದೇ ವರ್ಷ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಕಳಿಸಬಾರದೆಂಬ ಮಿತಿಯನ್ನೂ ತಂದಿತು. ಒಳ್ಳೆಯ ಕೆಲಸವೇ. ಆದರೆ ಆ ಪುಟ್ಟ ಬಾಣದ ಗುರುತು ‘ಇದು ಬೇರೆ ಎಲ್ಲಿಂದಲೋ ಬಂದದ್ದು’ ಎಂದು ಮಾತ್ರ ಹೇಳುತ್ತದೆ. ಎಲ್ಲಿಂದ ಎಂದು ಹೇಳುವುದು ಕಳಿಸುವವರ ಕೈಯಲ್ಲೇ ಇದೆ. ಅದಕ್ಕೆ ಬೇಕಾದದ್ದು ಒಂದು ಲಿಂಕು.

ನನ್ನನ್ನು ಕೇಳಿದರೆ ಈ ಕಾಲದ ತಂತ್ರಜ್ಞಾನದಲ್ಲೆಲ್ಲ ಅತ್ಯಂತ ಸಜ್ಜನಿಕೆಯ ವಸ್ತು ಲಿಂಕು. ಟಿಮ್ ಬರ್ನರ್ಸ್-ಲೀ 1989ರಲ್ಲಿ ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಕೂತು ವೆಬ್ಬಿನ ಯೋಜನೆ ಬರೆದರು. 1993ರ ಏಪ್ರಿಲ್ 30ರಂದು ಸರ್ನ್ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಅಂದಿನಿಂದ ಯಾರು ಬೇಕಾದರೂ ಯಾರ ಪುಟದತ್ತ ಬೇಕಾದರೂ ಕೈ ತೋರಿಸಬಹುದು. ಈ ಸೌಜನ್ಯಕ್ಕೂ ಒಮ್ಮೆ ಜಗಳವಾಯಿತು. ಸ್ಕಾಟ್ಲೆಂಡಿನ ಉತ್ತರಕ್ಕೆ ಶೆಟ್ಲೆಂಡ್ ಎಂಬ ದ್ವೀಪಗಳಿವೆ. ಅಲ್ಲಿನ ‘ಶೆಟ್ಲೆಂಡ್ ಟೈಮ್ಸ್’ ಪತ್ರಿಕೆ 1996ರಲ್ಲಿ ‘ಶೆಟ್ಲೆಂಡ್ ನ್ಯೂಸ್’ ಎಂಬ ಅಂತರ್ಜಾಲ ಪತ್ರಿಕೆಯನ್ನು ಕೋರ್ಟಿಗೆ ಎಳೆಯಿತು. ನಮ್ಮ ತಲೆಬರಹಗಳನ್ನೇ ಹಾಕಿಕೊಂಡು, ನಮ್ಮ ಮುಖಪುಟ ದಾಟಿಸಿ, ಓದುಗರನ್ನು ನೇರ ಒಳಪುಟಕ್ಕೆ ಕಳಿಸುತ್ತಿದ್ದಾರೆ ಎಂಬುದು ದೂರು. ಮರುವರ್ಷ ರಾಜಿಯಾಯಿತು: ಲಿಂಕು ಹಾಕಿ, ಆದರೆ ಪ್ರತಿ ತಲೆಬರಹದ ಕೆಳಗೂ ಇದು ಶೆಟ್ಲೆಂಡ್ ಟೈಮ್ಸ್ ಸುದ್ದಿ ಎಂದು ಬರೆಯಿರಿ. ನನಗೆ ಈ ರಾಜಿ ಬಹಳ ಹಿಡಿಸಿತು. ಮನೆಯೊಳಗೆ ಬನ್ನಿ, ಮನೆ ಯಾರದೆಂದು ಮಾತ್ರ ಹೇಳಿ ಎಂದ ಹಾಗೆ.

ಹೀಗೆ ಮೂಲ ಹೇಳುವುದು ಕನ್ನಡದವರಿಗೆ ಹೊಸ ನಡತೆಯಲ್ಲ. ಹದಿಮೂರನೆಯ ಶತಮಾನದಲ್ಲಿ ಮಲ್ಲಿಕಾರ್ಜುನ ಕವಿ ಹಿಂದಿನ ಕಾವ್ಯಗಳಿಂದ ಚೆಂದದ ಪದ್ಯಗಳನ್ನು ಆರಿಸಿ ‘ಸೂಕ್ತಿಸುಧಾರ್ಣವ’ ಮಾಡಿದ. ಪದ್ಯಗಳು ಉಳಿದದ್ದು ನಮ್ಮ ಭಾಗ್ಯ. ಆದರೆ ಮೂಲ ಹೇಳದ್ದರಿಂದ ಅವುಗಳಲ್ಲಿ ಎಷ್ಟೋ ಪದ್ಯಗಳು ಯಾವ ಕಾವ್ಯದವೆಂದು ವಿದ್ವಾಂಸರು ತಡಕಾಡಬೇಕಾಯಿತು. ಅವನ ಮಗ ಕೇಶಿರಾಜನ ರೀತಿ ಬೇರೆ. ‘ಶಬ್ದಮಣಿದರ್ಪಣ’ ಬರೆಯುವಾಗ ಈತ ತನಗೆ ಮಾದರಿಯಾದ ಕವಿಗಳ ಹೆಸರನ್ನು ಮೊದಲಿಗೇ ಹೇಳಿಬಿಟ್ಟ. ಅವರಲ್ಲಿ ಗಜಗ, ಗುಣನಂದಿ, ಮನಸಿಜ, ಅಸಗ ಈ ನಾಲ್ವರ ಒಂದು ಕನ್ನಡ ಕಾವ್ಯವೂ ನಮಗೆ ಸಿಕ್ಕಿಲ್ಲ. ಈಗಿನ ಭಾಷೆಯಲ್ಲಿ ಅವೆಲ್ಲ ತೆರೆಯದ ಲಿಂಕುಗಳು. ಆದರೂ ಅಸಗನೆಂಬ ಕವಿ ಕನ್ನಡದಲ್ಲಿ ಬರೆದಿದ್ದನೆಂದು ಇವತ್ತು ನಾವು ಹೇಳಬಲ್ಲೆವಾದರೆ, ಕೇಶಿರಾಜನಂಥವರು ಆ ಹೆಸರನ್ನು ನುಂಗಿಹಾಕದೆ ಮುಂದಕ್ಕೆ ದಾಟಿಸಿದ್ದರಿಂದ. ತೆರೆಯದ ಲಿಂಕಿಗೂ ಇಷ್ಟು ಬೆಲೆಯಿದೆ ಎಂದು ನೆನೆದಾಗ ನನಗೆ ನಿಜವಾಗಿ ಮನಸ್ಸು ತುಂಬಿ ಬರುತ್ತದೆ.

ಟೊಮೆಟೊ ಗಾಡಿ ಊರು ಬದಲಿಸಿದರೆ ನಕ್ಕು ಬಿಡಬಹುದು. ಆನೆಯ ವಿಷಯ ಹಾಗಲ್ಲ. ರಾಗಿ ತೆನೆ ಬಲಿಯುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ಜವಳಗೆರೆ, ಡೆಂಕಣಿಕೋಟೆಯ ಕಾಡು ಹಾದು ಹಿಂಡುಗಳು ಪ್ರತಿ ವರ್ಷ ನಮ್ಮ ಪಕ್ಕದ ಸಾನಮಾವು ಕಾಡಿಗೆ ಬಂದು ನಿಲ್ಲುತ್ತವೆ. ಆಗ ಫೋನುಗಳ ತುಂಬ ಆನೆಗಳೇ. ಒಂದು ಕೊಯ್ಲಿನ ಕಾಲದಲ್ಲಿ, ಹಿಂಡೊಂದು ಡಾಂಬರು ರಸ್ತೆ ದಾಟುವ ವಿಡಿಯೋ ಬಂತು; ಸಾನಮಾವು, ಈಗಷ್ಟೇ, ಎಂದು ಮೇಲೆ ಬರೆದಿತ್ತು. ಕೊಯ್ಲಿಗೆ ಹೊರಟವರು ಕುಡುಗೋಲು ಕೆಳಗಿಟ್ಟರು. ಇತ್ತ ಹುಡುಗರು ನೋಡಿಬರಲು ಬೈಕು ಹತ್ತಿದರು. ಪಕ್ಕದ ಮನೆಯ ಅಕ್ಕ ನನ್ನ ಫೋನು ಇಸಕೊಂಡು, ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ಆನೆ ಬಿಟ್ಟು ಅದರ ಹಿಂದಿದ್ದ ಅಂಗಡಿಯ ಬೋರ್ಡನ್ನು ನೋಡಿದರು. “ಇದೇನು ಸಾರ್, ಮಲಯಾಳಂ ಇದ್ದಂಗಿದೆಯಲ್ಲ?” ಹೌದು, ಮಲಯಾಳವೇ. ಸಾನಮಾವಿನ ಹೆಸರು ಹೊತ್ತ ಆನೆಗಳು ಕೇರಳದ ಯಾವುದೋ ರಸ್ತೆ ದಾಟುತ್ತಿದ್ದವು.

ಆಮೇಲೆ ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ, ಸುದ್ದಿ ಕಳಿಸಿದರೆ ಅದರ ಮೂಲವನ್ನೂ ಹೇಳಬೇಕೆಂದು ಎಲ್ಲರೂ ಮಾತಾಡಿಕೊಂಡೆವು. ಪೇಪರಿನದಾದರೆ ಪೇಪರಿನ ಲಿಂಕು. ಅರಣ್ಯ ಇಲಾಖೆಯವರು ಹೇಳಿದ್ದಾದರೆ ಯಾವತ್ತು ಹೇಳಿದ್ದು ಎಂಬುದು. ಕಣ್ಣಾರೆ ಕಂಡದ್ದಾದರೆ ಕಂಡವರ ಹೆಸರು, ಜಾಗ, ಹೊತ್ತು. ಶುರುವಿನಲ್ಲಿ ಕೆಲವರಿಗೆ ಇದು ಪೊಲೀಸ್ ಸ್ಟೇಷನ್ನಿನ ವಿಚಾರಣೆಯಂತೆ ಅನ್ನಿಸಿತು. ಈಗ ಅಭ್ಯಾಸವಾಗಿದೆ. ಮೊನ್ನೆ ಅದೇ ಅಕ್ಕನ ಧ್ವನಿಸಂದೇಶ ಬಂತು: “ಇವತ್ತು ಬೆಳಗ್ಗೆ ಆರೂವರೆ, ಕೆರೆ ಏರಿ ಮೇಲೆ, ಎರಡು ದೊಡ್ಡದು ಒಂದು ಮರಿ, ನಾನೇ ನೋಡಿದ್ದು.” ಆವತ್ತು ಆ ಕಡೆಯ ಹೊಲದವರು ಕೊಯ್ಲನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡರು. ಬೇರೆ ಕಡೆಯವರು ಎಂದಿನಂತೆ ಬೆಳಗ್ಗೆಯೇ ಹೊಲಕ್ಕೆ ಇಳಿದರು.